ನೆರೆಯವರು ‘ಆಮೆನ್’ ಎನ್ನುವಂತೆ

ಪ್ರತಿವರ್ಷ ಪಂಚಾಶತ್ತಮ ಹಬ್ಬದ ಬಲಿಪೂಜೆಯಲ್ಲಿ ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯವನ್ನು ವಾಚಿಸುತ್ತೇವೆ. ಬಿರುಗಾಳಿಯಂಥ ಸದ್ದು, ಬೆಂಕಿಯ ನಾಲಗೆಗಳು, ನಾನಾ ದೇಶಗಳಿಂದ ಜೆರುಸಲೇಮಿಗೆ ಬಂದಿದ್ದ ಯಾತ್ರಿಕರು ಪ್ರೇಷಿತರ ಮಾತನ್ನು ತಂತಮ್ಮ ತಾಯ್ನುಡಿಯಲ್ಲಿಯೇ ಕೇಳಿ ಬೆರಗಾದದ್ದು, ಇವೆಲ್ಲ ನಮ್ಮ ಮನೆಗಳ ಮಕ್ಕಳಿಗೂ ತಿಳಿದ ಸಂಗತಿಗಳು. ಅಂದು ದುಭಾಷಿಯ ಅಗತ್ಯ ಬೀಳಲಿಲ್ಲ. ಆದರೆ ಇಪ್ಪತ್ತೈದು ವರ್ಷ ಕಳೆಯುವಷ್ಟರಲ್ಲಿ ಕೊರಿಂಥದ ಪುಟ್ಟ ಕ್ರೈಸ್ತ ಸಮುದಾಯಕ್ಕೆ ಅದರ ಅಗತ್ಯ ತೀವ್ರವಾಗಿಯೇ ಬಿದ್ದಿತು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಹನ್ನೆರಡನೆಯ ಅಧ್ಯಾಯದಲ್ಲಿ ಸಂತ ಪೌಲರು ಪವಿತ್ರಾತ್ಮರ ಒಂಬತ್ತು ವರಗಳನ್ನು ಎಣಿಸುತ್ತಾರೆ. ಜ್ಞಾನ, ವಿಶ್ವಾಸ, ರೋಗ ಗುಣಪಡಿಸುವ ಶಕ್ತಿ, ಪ್ರವಾದನೆ ಮೊದಲಾದವುಗಳನ್ನು ಹೇಳಿ, ಎಂಟನೆಯದಾಗಿ ಅನ್ಯಭಾಷೆಗಳಲ್ಲಿ ಮಾತನಾಡುವ ವರವನ್ನೂ ಕಟ್ಟಕಡೆಗೆ ಆ ಭಾಷೆಗಳ ಅರ್ಥವಿವರಣೆಯ ವರವನ್ನೂ ಹೆಸರಿಸುತ್ತಾರೆ. ಎಂಟನೆಯದರ ಬಗ್ಗೆ ನಮ್ಮ ಪ್ರಾರ್ಥನಾಕೂಟಗಳಲ್ಲಿ ಮಾತು ಬಹಳ. ಒಂಬತ್ತನೆಯದನ್ನು ಕುರಿತು ಯೋಚಿಸುವವರು ವಿರಳ. ನಾವೂ ಅದನ್ನು ಬಹುಕಾಲ ಯೋಚಿಸಿರಲಿಲ್ಲ ಎಂಬುದನ್ನು ಒಪ್ಪಿಕೊಂಡೇ ಮುಂದುವರಿಯಬೇಕಾಗಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಧರ್ಮಕೇಂದ್ರದ ಸಭಾಂಗಣದಲ್ಲಿ ಶುಕ್ರವಾರ ಸಂಜೆಯ ಪ್ರಾರ್ಥನಾಕೂಟ ನಡೆದಿತ್ತು. ನಾವು ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಸ್ತುತಿ ಏರುತ್ತಿದ್ದಂತೆ ಮಹಿಳೆಯೊಬ್ಬರು ಅನ್ಯಭಾಷೆಯಲ್ಲಿ ಪ್ರಾರ್ಥಿಸತೊಡಗಿದರು. ಅವರ ಧ್ವನಿ ಅಡಗಿದ ಮೇಲೆ ಸಹೋದರರೊಬ್ಬರು ಎದ್ದು ನಿಂತು ಅದರ ಅರ್ಥವನ್ನು ಹೇಳಿದರು. ಈ ಸಭೆಯಲ್ಲಿರುವ ಒಂದು ಮನೆಯಲ್ಲಿ ಪಶ್ಚಾತ್ತಾಪಪಡದ ಪಾಪವೊಂದು ಉಳಿದಿದೆ, ಅದು ತೊಲಗುವವರೆಗೆ ಆ ಮನೆಯ ರೋಗ ತೊಲಗದು ಎಂಬುದು ಅವರ ವಿವರಣೆಯ ಸಾರ. ಸಭೆ ‘ಅಲ್ಲೆಲೂಯ’ ಎಂದಿತು. ನಮ್ಮ ಮನಸ್ಸಿಗೆ ಏನೋ ಚುಚ್ಚಿದಂತಾಯಿತು. ಆದರೂ ಭಕ್ತಿಯ ವಾತಾವರಣವನ್ನು ಕದಡುವುದೇಕೆಂದು ಸುಮ್ಮನಿದ್ದೆವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡಬೇಕಾದ ಮಾತನ್ನು ಆಡದೆ ಇದ್ದರೂ ಮುತ್ತು ಒಡೆಯುತ್ತದೆಂಬುದು ನಮಗೆ ತಿಳಿದದ್ದು ಸೋಮವಾರ ಬೆಳಿಗ್ಗೆ.

ಅಂದು ಗುರುನಿವಾಸದ ಬಾಗಿಲಿಗೆ ಒಬ್ಬ ತಾಯಿ ಬಂದರು. ಅವರ ಎಂಟು ವರ್ಷದ ಮಗನಿಗೆ ಮೂರ್ಛೆರೋಗ. ದಿನಕ್ಕೆರಡು ಬಾರಿ ತಪ್ಪದೆ ಮಾತ್ರೆ ಕೊಡಬೇಕೆಂದು ವೈದ್ಯರ ಕಟ್ಟಪ್ಪಣೆ. ಆ ತಾಯಿ ಸೆರಗಿನ ಗಂಟನ್ನು ಬಿಚ್ಚಿ, ಅದರಲ್ಲಿದ್ದ ಮಾತ್ರೆಗಳನ್ನು ಮೇಜಿನ ಮೇಲಿಟ್ಟರು.

“ಇದನ್ನು ಕೊಡಲೋ ಬೇಡವೋ ಹೇಳಿ ಸ್ವಾಮಿ. ಶುಕ್ರವಾರ ರಾತ್ರಿಯಿಂದ ಕೊಟ್ಟಿಲ್ಲ. ದೇವರೇ ಪಾಪದಿಂದ ಬಂದ ರೋಗ ಎಂದ ಮೇಲೆ, ನಾನು ಔಷಧಿ ಕೊಟ್ಟರೆ ಅವರ ಮಾತಿಗೆ ಎದುರಾಡಿದ ಹಾಗಾಗುವುದಿಲ್ಲವೇ?”

ಭಾನುವಾರ ರಾತ್ರಿ ಹುಡುಗ ಎರಡು ಬಾರಿ ಬಿದ್ದಿದ್ದ. ಔಷಧಿ ನಿಲ್ಲಿಸಿರೆಂದು ಕೂಟದಲ್ಲಿ ಯಾರೂ ಹೇಳಿರಲಿಲ್ಲ. ‘ಒಂದು ಮನೆ’ ಎಂದವರು ಯಾರ ಮನೆಯೆಂದೂ ಹೇಳಿರಲಿಲ್ಲ. ಆದರೆ ಕೇಳಿದ ಮಾತಿಗೆ ಆ ತಾಯಿ ತಾವೇ ಇನ್ನೊಂದು ಅರ್ಥವಿವರಣೆಯನ್ನು ಮಾಡಿಕೊಂಡಿದ್ದರು. ನೊಂದ ಮನಸ್ಸು ಸಭೆಯಲ್ಲಿ ಬಿದ್ದ ಕಲ್ಲನ್ನೆಲ್ಲ ತನ್ನ ಕಡೆಗೇ ಎಸೆದದ್ದೆಂದು ತಿಳಿಯುತ್ತದೆ. ನಾವು ಮೊದಲು ಹುಡುಗನನ್ನು ವೈದ್ಯರಲ್ಲಿಗೆ ಕರೆದೊಯ್ದೆವು. ಬೈಬಲನ್ನು ತೆರೆದದ್ದು ಆಮೇಲೆ.

ಕೊರಿಂಥವು ಎರಡು ಬಂದರುಗಳ ನಡುವಣ ನಗರ. ಕ್ರಿಸ್ತಪೂರ್ವ 44ರಲ್ಲಿ ಜೂಲಿಯಸ್ ಸೀಸರನು ಅದನ್ನು ರೋಮನ್ ವಸಾಹತಾಗಿ ಪುನಃ ಸ್ಥಾಪಿಸಿದ ಮೇಲೆ ಅಲ್ಲಿ ಆಡಳಿತದ ನುಡಿ ಲತೀನ್, ಬೀದಿಯ ನುಡಿ ಗ್ರೀಕ್. ಹಡಗುಗಳೊಡನೆ ಬರುತ್ತಿದ್ದ ನುಡಿಗಳಿಗೆ ಲೆಕ್ಕವಿಲ್ಲ. ಪೌಲರು ಸುಮಾರು ಕ್ರಿಸ್ತಶಕ 50-51ರ ಹೊತ್ತಿಗೆ ಅಲ್ಲಿಗೆ ಬಂದು ಒಂದೂವರೆ ವರ್ಷ ನೆಲೆಸಿದರು. ಮುಂದೆ ಎಫೆಸದಲ್ಲಿದ್ದಾಗ, ಕೊರಿಂಥದವರು ಗುಂಪುಗಾರಿಕೆಯಲ್ಲಿ ಮುಳುಗಿದ್ದಾರೆಂಬ ಸುದ್ದಿಯನ್ನು ಖ್ಲೋಯೆಯ ಮನೆಯವರು ಅವರಿಗೆ ಮುಟ್ಟಿಸಿದರು. ಧನವಂತರು ಪ್ರಭುಭೋಜನಕ್ಕೆ ಮೊದಲೇ ಕುಳಿತು ಉಣ್ಣುವುದು, ಬಡವರು ಹಸಿದು ನಿಲ್ಲುವುದು. ಅಂತೆಯೇ ವರ ಹೊಂದಿದವರು ಅನ್ಯಭಾಷೆಯಲ್ಲಿ ಉಬ್ಬುವುದು, ಹೊಂದದವರು ಬಾಯಿ ಮುಚ್ಚಿ ಕೂರುವುದು. ಊಟದ ಮೇಜಿನಲ್ಲಿ ಆದದ್ದೇ ಪ್ರಾರ್ಥನೆಯಲ್ಲಿಯೂ ಆಗುತ್ತಿತ್ತು. ಪೌಲರು ಈ ಎರಡನ್ನೂ ಒಂದೇ ಪತ್ರದಲ್ಲಿ ತಿದ್ದಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಹದಿನಾಲ್ಕನೆಯ ಅಧ್ಯಾಯದಲ್ಲಿ ಅವರು ಅನ್ಯಭಾಷೆಯನ್ನು ನಿಷೇಧಿಸುವುದಿಲ್ಲ. ತಮಗೂ ಆ ವರವಿದೆ, ಅವರೆಲ್ಲರಿಗಿಂತ ಹೆಚ್ಚಾಗಿಯೇ ಇದೆ ಎಂದು ದೇವರಿಗೆ ಕೃತಜ್ಞತೆ ಸಲ್ಲಿಸುತ್ತಾರೆ. ಆದರೂ ಸಭೆಯಲ್ಲಿ ಅರ್ಥವಾಗದ ಹತ್ತುಸಾವಿರ ಮಾತುಗಳಿಗಿಂತ ಅರ್ಥವಾಗುವ ಐದು ಮಾತುಗಳು ಲೇಸೆನ್ನುತ್ತಾರೆ. ಸ್ವರಗಳು ಬೇರ್ಪಡದ ಕೊಳಲಿನಿಂದ ರಾಗ ತಿಳಿಯದು, ಅಸ್ಪಷ್ಟವಾಗಿ ಊದಿದ ಕಹಳೆಗೆ ಸೈನಿಕ ಏಳಲಾರ ಎಂಬ ದೃಷ್ಟಾಂತಗಳನ್ನು ಕೊಡುತ್ತಾರೆ. ಬಳಿಕ ಆ ಅಧ್ಯಾಯದ ಹೃದಯವೆಂದು ನಾವು ನಂಬಿರುವ ಪ್ರಶ್ನೆ ಬರುತ್ತದೆ: ನೀನು ಆತ್ಮದಲ್ಲಿ ಮಾತ್ರ ದೇವರಿಗೆ ಸ್ತೋತ್ರ ಸಲ್ಲಿಸಿದರೆ, ಪಕ್ಕದಲ್ಲಿ ಕುಳಿತ ಸಾಮಾನ್ಯನು ನಿನ್ನ ಕೃತಜ್ಞತಾಸ್ತುತಿಗೆ ‘ಆಮೆನ್’ ಎನ್ನುವುದಾದರೂ ಹೇಗೆ? ಇಲ್ಲಿ ಕೃತಜ್ಞತಾಸ್ತುತಿಗೆ ಪೌಲರು ಬಳಸಿದ ಗ್ರೀಕ್ ಪದ ‘ಯೂಕರಿಸ್ತಿಯ’. ನಮ್ಮ ಬಲಿಪೂಜೆಗೆ ಧರ್ಮಸಭೆ ಇಟ್ಟ ಹೆಸರೂ ಅದೇ. ಒಬ್ಬನ ಪ್ರಾರ್ಥನೆ ಸಭೆಯ ಪ್ರಾರ್ಥನೆಯಾಗುವುದು ಮತ್ತೊಬ್ಬನ ‘ಆಮೆನ್’ನಿಂದ. ಆ ‘ಆಮೆನ್’ ಬರಬೇಕಾದರೆ ಅರ್ಥ ತಿಳಿಯಬೇಕು. ಅರ್ಥವಿವರಣೆಯ ವರವಿರುವುದು ಇದಕ್ಕಾಗಿ.

ಆದುದರಿಂದಲೇ ಪೌಲರ ನಿಯಮ ಅಷ್ಟು ಕಟ್ಟುನಿಟ್ಟು. ಇಬ್ಬರು, ಹೆಚ್ಚೆಂದರೆ ಮೂವರು ಮಾತನಾಡಲಿ, ಅದೂ ಸರದಿಯಂತೆ, ಒಬ್ಬನು ಅರ್ಥ ಹೇಳಲಿ. ಹೇಳುವವರಿಲ್ಲದಿದ್ದರೆ ಸಭೆಯಲ್ಲಿ ಸುಮ್ಮನಿದ್ದು, ತನ್ನೊಳಗೇ ದೇವರೊಡನೆ ಮಾತನಾಡಿಕೊಳ್ಳಲಿ. ಹಾಗೆ ಸುಮ್ಮನಿರಲು ಸಾಧ್ಯವೆಂದು ಅವರು ಭಾವಿಸಿದ್ದರೆಂಬುದನ್ನು ಗಮನಿಸಬೇಕು. ‘ಆತ್ಮ ಬಂದಾಗ ತಡೆಯಲಾಗದು ಸ್ವಾಮಿ’ ಎನ್ನುವವರಿಗೆ ಪೌಲರ ಉತ್ತರ ಅಲ್ಲಿಯೇ ಇದೆ. ಪ್ರವಾದಿಗಳ ಆತ್ಮ ಪ್ರವಾದಿಗಳ ಹತೋಟಿಯಲ್ಲಿರುತ್ತದೆ. ಪ್ರವಾದಿಗಳು ಮಾತನಾಡಿದ ಮೇಲೆ ಮಿಕ್ಕವರು ಅದನ್ನು ತೂಗಿ ನೋಡಬೇಕೆಂಬ ಕಟ್ಟಳೆಯೂ ಅಲ್ಲಿದೆ. ಆ ಶುಕ್ರವಾರ ನಾವು ಮಾಡದೆ ಬಿಟ್ಟದ್ದು ಇದನ್ನೇ.

ಇನ್ನೊಂದು ಸೂಕ್ಷ್ಮವನ್ನು ನಾವು ಆ ಸೋಮವಾರದ ನಂತರವೇ ಕಂಡುಕೊಂಡೆವು. ಅನ್ಯಭಾಷೆಯಲ್ಲಿ ಮಾತನಾಡುವವನು ಮನುಷ್ಯರೊಡನೆ ಅಲ್ಲ, ದೇವರೊಡನೆ ಮಾತನಾಡುತ್ತಾನೆಂದು ಅಧ್ಯಾಯದ ಆರಂಭದಲ್ಲಿಯೇ ಪೌಲರು ಹೇಳುತ್ತಾರೆ. ಅವರು ಅದನ್ನು ಪ್ರಾರ್ಥನೆ, ಗಾಯನ, ಸ್ತುತಿ, ಕೃತಜ್ಞತೆ ಎಂದು ಕರೆಯುತ್ತಾರೆ. ಪಂಚಾಶತ್ತಮದ ದಿನ ಯಾತ್ರಿಕರಿಗೆ ಕೇಳಿಸಿದ್ದೂ ದೇವರ ಮಹತ್ಕಾರ್ಯಗಳೇ. ಮೂಲವೇ ದೇವರನ್ನು ಉದ್ದೇಶಿಸಿದ ಮೊರೆಯಾಗಿದ್ದರೆ, ಅದರ ಅರ್ಥವು ನೆರೆಮನೆಯವರ ವಿರುದ್ಧದ ತೀರ್ಪಾಗುವುದು ಹೇಗೆ? ಸ್ತುತಿಯ ಅರ್ಥವಿವರಣೆ ಸ್ತುತಿಯೇ ಆಗಬೇಕು, ಅಳಲಿನದು ಅಳಲೇ. ಅನ್ಯಭಾಷೆಯ ಮೂಲಕ ದೇವರು ಸಭೆಗೆ ಸಂದೇಶ ನೀಡುತ್ತಾರೆಂಬ ಅಭಿಪ್ರಾಯ ಅನೇಕ ಕೂಟಗಳಲ್ಲಿದೆ. ಅರ್ಥ ಹೇಳಿದಾಗ ಅನ್ಯಭಾಷೆಯೂ ಪ್ರವಾದನೆಯಷ್ಟೇ ಸಭೆಯನ್ನು ಕಟ್ಟುತ್ತದೆಂಬ ಪೌಲರ ಮಾತನ್ನು ಅವರು ಆಧಾರವಾಗಿ ತೋರಿಸುತ್ತಾರೆ. ಹಾಗೆಯೇ ಆಗಲಿ. ಆದರೂ ಪ್ರವಾದನೆಗೆ ಪೌಲರು ಕೊಟ್ಟ ಗುರುತು ಮೂರು: ಭಕ್ತಿವೃದ್ಧಿ, ಪ್ರೋತ್ಸಾಹ, ಸಾಂತ್ವನ. ರೋಗಿಯಾದ ಮಗುವಿನ ತಾಯಿಯನ್ನು ಬೆದರಿಸಿದ ಮಾತು ಇವುಗಳಲ್ಲಿ ಯಾವುದು?

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದಾಗ ಅರಿಸ್ಟಾಟಲನ ‘ಪೆರಿ ಹೆರ್ಮೆನೇಯಿಯಾಸ್’ ಎಂಬ ಗ್ರಂಥ ನಮಗೆ ಪಠ್ಯವಾಗಿತ್ತು. ಹೆಸರು ಕೇಳಿ ಅನುವಾದದ ಕುರಿತಾದದ್ದೆಂದು ತಿಳಿದಿದ್ದೆವು. ತೆರೆದು ನೋಡಿದರೆ ಅದು ಮನಸ್ಸಿನ ಭಾವವು ಮಾತಿನ ರೂಪ ತಳೆದು ಸತ್ಯ ಅಥವಾ ಅಸತ್ಯದ ಹೇಳಿಕೆಯಾಗುವ ಬಗೆಯನ್ನು ಕುರಿತದ್ದು. ಪೌಲರು ಈ ವರಕ್ಕೆ ಬಳಸಿದ ಪದವೂ ಅದೇ ‘ಹೆರ್ಮೆನೇಯಿಯಾ’. ಅದಕ್ಕೆ ಒಂದು ನುಡಿಯಿಂದ ಇನ್ನೊಂದು ನುಡಿಗೆ ತಿರುಗಿಸುವುದೆಂಬ ಅರ್ಥವೂ ಇದೆ, ಮಾತಾಗದೆ ಇರುವುದನ್ನು ಮಾತಾಗಿಸುವುದೆಂಬ ಅರ್ಥವೂ ಇದೆ. ಕೆಲವು ಬೈಬಲ್ ಪಂಡಿತರು ಕೊರಿಂಥದ ಸಂದರ್ಭಕ್ಕೆ ಎರಡನೆಯದೇ ಸರಿಯೆನ್ನುತ್ತಾರೆ. ನಮಗೂ ಹಾಗೆಯೇ ತೋರುತ್ತದೆ. ಅಷ್ಟು ಭಾಷೆಗಳ ವರವಿದ್ದ ಪೌಲರೇ ಲುಸ್ತ್ರದಲ್ಲಿ ಪೇಚಿಗೆ ಸಿಲುಕಿದ್ದನ್ನು ಪ್ರೇಷಿತರ ಕಾರ್ಯಕಲಾಪಗಳಲ್ಲಿ ಓದುತ್ತೇವೆ. ಅಲ್ಲಿಯ ಜನ ಲುಕವೋನ್ಯ ಭಾಷೆಯಲ್ಲಿ ಕೂಗುತ್ತ ಬಾರ್ನಬರನ್ನು ಜೆಯುಸ್ ದೇವತೆಯೆಂದೂ ಪೌಲರನ್ನು ಹೆರ್ಮೆಸ್ ದೇವತೆಯೆಂದೂ ಕರೆದರು. ಪೂಜಾರಿ ಹೋರಿಗಳನ್ನೂ ಹಾರಗಳನ್ನೂ ತಂದ ಮೇಲೆಯೇ ಆ ಇಬ್ಬರೂ ಬಟ್ಟೆ ಹರಿದುಕೊಂಡು ಜನರ ನಡುವೆ ನುಗ್ಗಿದರೆಂದರೆ, ಕೂಗಿನ ಅರ್ಥ ಅವರಿಗೆ ಮೊದಲು ಹೊಳೆಯಲಿಲ್ಲವೆಂದೇ ಕಾಣುತ್ತದೆ. ಅನ್ಯಭಾಷೆಯ ವರವೆಂದರೆ ನಿಘಂಟಿನ ಜ್ಞಾನವಲ್ಲ.

ಈಚಿನ ವಿದ್ವಾಂಸರು ಇದನ್ನು ಪರೀಕ್ಷಿಸಿಯೂ ನೋಡಿದ್ದಾರೆ. ಭಾಷಾಶಾಸ್ತ್ರಜ್ಞ ವಿಲಿಯಂ ಸಮರಿನ್ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಂದಿನ ಕೂಟಗಳ ಅನ್ಯಭಾಷೆಯಲ್ಲಿ ಭಾಷೆಯ ಏರಿಳಿತ, ಲಯಗಳಿದ್ದರೂ ಶಬ್ದಕ್ಕೂ ಅರ್ಥಕ್ಕೂ ವ್ಯವಸ್ಥಿತ ಸಂಬಂಧವಿಲ್ಲವೆಂದು ತೀರ್ಮಾನಿಸಿದರು. ಅದು ಮಾನಸಿಕ ರೋಗವಲ್ಲವೆಂದೂ ಅವರೇ ಹೇಳಿದರು. ಅದೇ ವರ್ಷ ಜಾನ್ ಕಿಲ್ಡಾಲ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಇನ್ನೂ ಕಠಿಣವಾದ ಸಂಗತಿಯನ್ನು ಬರೆದರು. ಅನ್ಯಭಾಷೆಯ ಒಂದೇ ಧ್ವನಿಮುದ್ರಣವನ್ನು ಅರ್ಥ ಹೇಳುವ ಹಲವರಿಗೆ ಪ್ರತ್ಯೇಕವಾಗಿ ಕೇಳಿಸಿದಾಗ, ಒಬ್ಬರು ಹೇಳಿದ ಅರ್ಥ ಇನ್ನೊಬ್ಬರದಕ್ಕೆ ಹೊಂದಲಿಲ್ಲ. ಇಂಥದನ್ನು ಪತ್ರಿಕೆಯಲ್ಲಿ ಬರೆಯುವುದು ಭಕ್ತರ ವಿಶ್ವಾಸಕ್ಕೆ ಪೆಟ್ಟಲ್ಲವೇ ಎಂದು ಯಾರಾದರೂ ಕೇಳಿಯಾರು. ಸತ್ಯದಿಂದ ಪೆಟ್ಟು ಬೀಳುವ ವಿಶ್ವಾಸವನ್ನು ಪೌಲರು ಬೋಧಿಸಲಿಲ್ಲ.

ಹಾಗಾದರೆ ಆ ಪ್ರಾರ್ಥನೆ ಬರೀ ಸದ್ದೇ? ಅಲ್ಲ. ನಮ್ಮ ಹಳ್ಳಿಯ ಹಾಡುಗಳಲ್ಲಿ ಬರುವ ‘ತಂದನಾನ’ದ ಅರ್ಥವೇನೆಂದು ಯಾರೂ ಕೇಳುವುದಿಲ್ಲ; ಅದಿಲ್ಲದೆ ಹಾಡು ಏಳುವುದೂ ಇಲ್ಲ. ಸಂತ ಅಗಸ್ಟೀನರು ಕೀರ್ತನೆಯೊಂದಕ್ಕೆ ಬರೆದ ವ್ಯಾಖ್ಯಾನದಲ್ಲಿ ಕೊಯ್ಲಿನ ಗದ್ದೆಯ, ದ್ರಾಕ್ಷಿತೋಟದ ಕೆಲಸಗಾರರನ್ನು ನೆನೆಯುತ್ತಾರೆ. ಅವರು ಮಾತುಗಳಿಂದ ಹಾಡನ್ನು ಆರಂಭಿಸಿ, ಸಂತೋಷ ಮಾತಿಗೆ ಮೀರಿದಾಗ ಮಾತನ್ನು ಬಿಟ್ಟು ಬರಿಯ ಧ್ವನಿಯಲ್ಲಿ ಉಲಿಯುತ್ತಾರೆ. ವರ್ಣಿಸಲಾಗದ ದೇವರಿಗೆ ಇದಕ್ಕಿಂತ ತಕ್ಕ ಸ್ತುತಿ ಯಾವುದು ಎಂಬುದು ಅವರ ಭಾವ. ನಾವು ಹೇಗೆ ಪ್ರಾರ್ಥಿಸಬೇಕೆಂದು ತಿಳಿಯದಿರುವಾಗ ಪವಿತ್ರಾತ್ಮರೇ ಮಾತಿಗೆ ನಿಲುಕದ ನಿಟ್ಟುಸಿರುಗಳಿಂದ ನಮ್ಮ ಪರವಾಗಿ ಬಿನ್ನವಿಸುತ್ತಾರೆಂದು ರೋಮನರಿಗೆ ಬರೆದ ಪತ್ರದಲ್ಲಿ ಪೌಲರೂ ಹೇಳಿದ್ದಾರೆ. ಅಂಥ ನಿಟ್ಟುಸಿರಿಗೆ ಅರ್ಥ ಹೇಳುವುದು ಮಗುವಿನ ತೊದಲಿಗೆ ತಾಯಿ ಅರ್ಥ ಹೇಳಿದಂತೆ. ‘ಹಸಿವಾಗಿದೆ ಎನ್ನುತ್ತಾನೆ’ ಎಂದು ಆಕೆ ಹೇಳಿದರೆ ಬಂದ ನೆಂಟರು ನಂಬುತ್ತಾರೆ, ಏಕೆಂದರೆ ಆಕೆ ಮಗುವನ್ನು ಬಲ್ಲಳು. ‘ಪಕ್ಕದ ಮನೆಯವರು ನಮ್ಮ ಕೋಳಿ ಕದ್ದರು ಎನ್ನುತ್ತಾನೆ’ ಎಂದರೆ ಅದು ಮಗುವಿನ ಮಾತಲ್ಲವೆಂದು ಎಲ್ಲರಿಗೂ ಗೊತ್ತಾಗುತ್ತದೆ.

ಕೊರಿಂಥದ ವರ ಮುಂದೇನಾಯಿತು? ನಾಲ್ಕನೆಯ ಶತಮಾನದ ಕೊನೆಗೆ ಸಂತ ಜಾನ್ ಕ್ರಿಸೊಸ್ತೋಮರು ಆ ಅಧ್ಯಾಯಗಳನ್ನು ಬೋಧಿಸುವಾಗ, ಅಂಥ ಘಟನೆಗಳು ಈಗ ನಡೆಯದಿರುವುದರಿಂದ ಈ ಭಾಗವೆಲ್ಲ ಬಹಳ ಅಸ್ಪಷ್ಟವೆಂದು ನೇರವಾಗಿ ಒಪ್ಪಿಕೊಂಡರು. ಆದರೆ ಸಭೆಗೆ ಅರ್ಥ ಹೇಳುವ ಸೇವೆ ನಿಲ್ಲಲಿಲ್ಲ. ಕ್ರಿಸ್ತಶಕ 303ರಲ್ಲಿ ರಕ್ತಸಾಕ್ಷಿಯಾದ ಪಲೆಸ್ತೀನದ ಸಂತ ಪ್ರೊಕೋಪಿಯುಸರನ್ನು ಕುರಿತು ಇತಿಹಾಸಕಾರ ಯೂಸೇಬಿಯುಸರು ಬರೆಯುತ್ತ, ಅವರು ಸ್ಕಿಥೊಪೊಲಿಸಿನ ಧರ್ಮಸಭೆಯಲ್ಲಿ ವಾಚಕರೂ ಗ್ರೀಕನ್ನು ಅಲ್ಲಿಯ ಜನರ ಅರಮಾಯಿಕ್ ನುಡಿಗೆ ತಿರುಗಿಸುವವರೂ ಆಗಿದ್ದರೆನ್ನುತ್ತಾರೆ. ಆ ಶತಮಾನದ ಕೊನೆಯ ಭಾಗದಲ್ಲಿ ಜೆರುಸಲೇಮಿಗೆ ಯಾತ್ರೆ ಹೋದ ಎಜೇರಿಯ ಎಂಬ ಮಹಿಳೆ ಕಂಡದ್ದು ಇನ್ನೂ ಸೊಗಸು. ಧರ್ಮಾಧ್ಯಕ್ಷರಿಗೆ ಸಿರಿಯಾಕ್ ಬರುತ್ತಿದ್ದರೂ ಅವರು ಗ್ರೀಕಿನಲ್ಲಿಯೇ ಬೋಧಿಸುತ್ತಿದ್ದರು. ಪಕ್ಕದಲ್ಲಿ ಗುರುವೊಬ್ಬರು ಸದಾ ನಿಂತು ಅದನ್ನು ಸಿರಿಯಾಕಿನಲ್ಲಿ ಹೇಳುತ್ತಿದ್ದರು. ಎರಡೂ ತಿಳಿಯದ ಲತೀನರು ಸಪ್ಪಗಾಗದಿರಲೆಂದು, ಎರಡು ಭಾಷೆ ಬಲ್ಲ ಸಹೋದರ ಸಹೋದರಿಯರು ಅವರಿಗೆ ಲತೀನಿನಲ್ಲಿ ವಿವರಿಸುತ್ತಿದ್ದರು. ಕಲಿತ ಭಾಷೆಯನ್ನು ನೆರೆಯವರಿಗೆ ಧಾರೆಯೆರೆದ ಈ ಹೆಸರಿಲ್ಲದವರ ಸೇವೆ ಪವಾಡವಲ್ಲವೆಂದು ಬೇಕಾದರೆ ಹೇಳಬಹುದು. ಪೌಲರ ಪ್ರಶ್ನೆಗೆ ಅದು ಉತ್ತರವಂತೂ ಹೌದು.

ಅದೇ ಪ್ರಶ್ನೆ ಲತೀನ್ ಬಲಿಪೂಜೆಯ ಕಾಲದಲ್ಲಿ ಸಂತ ಥಾಮಸ್ ಅಕ್ವಿನಾಸರಿಗೂ ಎದುರಾಯಿತು. ‘ಆಮೆನ್’ ಕುರಿತ ಮಾತಿಗೆ ವ್ಯಾಖ್ಯಾನ ಬರೆಯುತ್ತ, ಹಾಗಿದ್ದರೆ ನಮ್ಮ ಆಶೀರ್ವಾದಗಳನ್ನು ಜನರ ನುಡಿಯಲ್ಲಿ ಏಕೆ ಹೇಳುವುದಿಲ್ಲ ಎಂದು ತಾವೇ ಕೇಳಿಕೊಳ್ಳುತ್ತಾರೆ. ಆದಿ ಧರ್ಮಸಭೆಯಲ್ಲಿ ಜನರಿಗೆ ವಿಧಿಗಳ ತಿಳಿವಳಿಕೆ ಇರಲಿಲ್ಲ, ಈಗ ಎಲ್ಲರೂ ಬೋಧನೆ ಪಡೆದಿದ್ದಾರೆ ಎಂಬುದು ಅವರ ಸಮಾಧಾನ. ಅಕ್ವಿನಾಸರು ನಮಗೆ ಗುರುಗಳ ಗುರುಗಳು. ಆದರೂ ಈ ಒಂದು ಉತ್ತರ ನಮಗೆ ಸಮಾಧಾನ ಕೊಟ್ಟಿಲ್ಲ. ನಮ್ಮ ಅಜ್ಜಿ ಮದುವೆಯಾಗುವವರೆಗೂ ಆಮೇಲೂ ಕೇಳಿದ್ದು ಲತೀನ್ ಪೂಜೆಯನ್ನೇ. ಗುರುಗಳು ಪೀಠದತ್ತ ಮುಖಮಾಡಿ ಏನನ್ನೋ ಹೇಳುತ್ತಿದ್ದರು, ನಾವು ಜಪಸರ ಹೇಳಿಕೊಳ್ಳುತ್ತಿದ್ದೆವು, ಗಂಟೆ ಬಾರಿಸಿದಾಗ ತಲೆ ಬಾಗಿಸುತ್ತಿದ್ದೆವು ಎನ್ನುತ್ತಿದ್ದರು. ಅವರ ಭಕ್ತಿಯ ಮುಂದೆ ನಮ್ಮದು ಏನೂ ಅಲ್ಲ. ಆದರೆ ಅವರು ಸಭೆಯೊಳಗೆ ಇದ್ದೂ ಒಬ್ಬರೇ ಪ್ರಾರ್ಥಿಸುತ್ತಿದ್ದರು. ಟ್ರೆಂಟ್ ಮಹಾಸಭೆ 1562ರಲ್ಲಿ ಲತೀನನ್ನು ಉಳಿಸಿಕೊಂಡಾಗಲೂ, ಪೂಜೆಯಲ್ಲಿ ಓದುವುದರ ಅರ್ಥವನ್ನು ಜನರಿಗೆ ಆಗಾಗ್ಗೆ ವಿವರಿಸಬೇಕೆಂದು ಗುರುಗಳಿಗೆ ಆಜ್ಞಾಪಿಸಿತ್ತು. ಕೊನೆಗೆ 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ದೈವಾರಾಧನೆಯ ಸಂವಿಧಾನವನ್ನು ಪ್ರಕಟಿಸಿ, ಅದರ 36ನೆಯ ವಿಧಿಯಲ್ಲಿ ಜನರ ನುಡಿಗೆ ಬಾಗಿಲು ತೆರೆಯಿತು. ಕನ್ನಡದಲ್ಲಿ ಪೂಜೆ ಕೇಳಿದ ಮೊದಲ ದಿನ, ಸ್ವಾಮಿಗಳು ಇಷ್ಟು ದಿನ ನಮಗಾಗಿ ಇಷ್ಟೆಲ್ಲ ಬೇಡಿಕೊಳ್ಳುತ್ತಿದ್ದರೇ ಎಂದು ಅಜ್ಜಿ ಬೆರಗಾದರಂತೆ.

ವರಗಳ ವಿಚಾರವಾಗಿಯೂ ಆ ಮಹಾಸಭೆಯಲ್ಲಿ ಬಿಸಿ ಚರ್ಚೆ ನಡೆಯಿತು. ಅವು ಆದಿಕಾಲಕ್ಕೇ ಮುಗಿದವೆಂಬಂತೆ ಕಾರ್ಡಿನಲ್ ರುಫೀನಿ ವಾದಿಸಿದರು. 1963ರ ಅಕ್ಟೋಬರಿನಲ್ಲಿ ಕಾರ್ಡಿನಲ್ ಸ್ಯೂನೆನ್ಸ್ ಅದಕ್ಕೆ ಉತ್ತರಿಸಿದರು. 1964ರ ಧರ್ಮಸಭೆಯ ಸಂವಿಧಾನ, ವರಗಳು ಅಸಾಧಾರಣವಿರಲಿ ಸರಳವಿರಲಿ, ಕೃತಜ್ಞತೆಯಿಂದ ಸ್ವೀಕರಿಸಬೇಕೆಂದೂ ಅವುಗಳ ನೈಜತೆಯನ್ನು ಪರಿಶೀಲಿಸುವ ಹೊಣೆ ಧರ್ಮಸಭೆಯ ಪಾಲಕರದೆಂದೂ ಹೇಳಿತು. 1967ರಲ್ಲಿ ಅಮೆರಿಕದ ಡುಕೇನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಧ್ಯಾನಕೂಟದಿಂದ ಹೊರಟ ಕಥೋಲಿಕ ಕ್ಯಾರಿಸ್ಮ್ಯಾಟಿಕ್ ನವೀಕರಣ 1970ರ ದಶಕದಲ್ಲಿ ಭಾರತಕ್ಕೂ ಬಂದಿತು. ಕೇರಳದ ಪೊಟ್ಟಾ, ಮುರಿಂಗೂರುಗಳಿಗೆ ಹೋಗಿ ಕನ್ನಡದ ಧ್ಯಾನಕೂಟದಲ್ಲಿ ಕುಳಿತು, ಕುಡಿತ ಬಿಟ್ಟು ಮನೆಗೆ ಮರಳಿದ ಗಂಡಸರು ನಮ್ಮ ಧರ್ಮಕೇಂದ್ರದಲ್ಲಿಯೇ ಇದ್ದಾರೆ. ಅದನ್ನು ಕಡೆಗಣಿಸುವಷ್ಟು ಕೃತಘ್ನರು ನಾವಲ್ಲ. ಆದರೆ ಕೂಟ ಬೇರೆ, ಬಲಿಪೂಜೆ ಬೇರೆ. ಬಲಿಪೂಜೆಯಲ್ಲಿ ಗುರುವೇ ಆದರೂ ತನ್ನಷ್ಟಕ್ಕೆ ತಾನು ಏನನ್ನೂ ಸೇರಿಸಬಾರದೆಂದು ಮಹಾಸಭೆಯ ಕಟ್ಟಳೆಯಿದೆ. ಗುಣಪ್ರಾರ್ಥನೆಗಳನ್ನು ಕುರಿತು 2000ದಲ್ಲಿ ರೋಮಿನಿಂದ ಬಂದ ಸೂಚನಾಪತ್ರವೂ ಇವೆರಡನ್ನು ಬೆರೆಸಬಾರದೆಂದಿದೆ.

ಅರ್ಥ ಹೇಳಿದ ಆ ಸಹೋದರರನ್ನು ನಾವು ಒಂದು ವಾರದ ಮೇಲೆ ಕರೆಸಿ ಮಾತನಾಡಿದೆವು. ಅವರು ವಂಚಕರಲ್ಲ, ದಿನವೂ ಜಪಮಾಡುವ, ಆಸ್ಪತ್ರೆಯ ರೋಗಿಗಳಿಗೆ ಗಂಜಿ ಒಯ್ಯುವ ಮನುಷ್ಯ. ಬಹಳ ಹೊತ್ತು ತಲೆತಗ್ಗಿಸಿ ಕುಳಿತಿದ್ದು, ಆ ಕೇರಿಯ ಮನೆಯೊಂದರ ವಿಷಯವಾಗಿ ಹಿಂದಿನ ದಿನ ಯಾರೋ ಆಡಿದ ಮಾತು ತಮ್ಮ ಮನಸ್ಸಿನಲ್ಲಿತ್ತೆಂದೂ, ಎದ್ದು ನಿಂತಾಗ ಅದೇ ಬಾಯಿಗೆ ಬಂದಿತೆಂದೂ ಹೇಳಿದರು. “ಅದು ದೇವರದೋ ನನ್ನದೋ ಎಂದು ಆಗ ನನಗೆ ತಿಳಿಯಲಿಲ್ಲ ಫಾದರ್” ಎಂದರು. ಹಿಂದಿನ ಸಾಲಿನಲ್ಲಿ ಕುಳಿತಿದ್ದ ನಮಗೆ ಆ ಸಂಶಯ ಬಂದಿತ್ತೆಂದೂ ನಾವು ಬಾಯಿ ತೆರೆಯಲಿಲ್ಲವೆಂದೂ ಅವರಿಗೆ ಹೇಳಿದೆವು. ಮರುದಿನ ಇಬ್ಬರೂ ಆ ತಾಯಿಯ ಮನೆಗೆ ಹೋಗಿ ಕ್ಷಮೆ ಬೇಡಿದೆವು. ಆಕೆ ಕಾಫಿ ಕೊಟ್ಟರು. ಆ ಮಾತನ್ನು ಎತ್ತಲಿಲ್ಲ.

ಈಗ ನಮ್ಮ ಕೂಟ ಹದಿನಾಲ್ಕನೆಯ ಅಧ್ಯಾಯದ ವಾಚನದಿಂದ ಆರಂಭವಾಗುತ್ತದೆ. ಅರ್ಥ ಹೇಳುವವರು ಅದನ್ನು ದೇವರಿಗೆ ಸಲ್ಲಿಸುವ ಪ್ರಾರ್ಥನೆಯಾಗಿಯೇ ಹೇಳುತ್ತಾರೆ. ಯಾರ ಮನೆ, ರೋಗ, ಮದುವೆ, ಹಣದ ವಿಷಯವೂ ಅದರಲ್ಲಿ ಬರುವಂತಿಲ್ಲ. ಹೇಳುವವರಿಲ್ಲದ ದಿನ ಮೌನವಾಗಿರುತ್ತೇವೆ, ಅಂಥ ದಿನಗಳೇ ಹೆಚ್ಚು. ಕೂಟದ ಬಿಸಿ ಆರಿತೆಂದು ಗೊಣಗಿ ಬೇರೆಡೆಗೆ ಹೋದವರೂ ಇದ್ದಾರೆ. ಆ ತಾಯಿ ಮಾತ್ರ ಶುಕ್ರವಾರ ತಪ್ಪಿಸುವುದಿಲ್ಲ. ಬಾಗಿಲ ಪಕ್ಕದ ಬೆಂಚಿನಲ್ಲಿ ಕುಳಿತಿರುತ್ತಾರೆ. ಎಂಟು ಗಂಟೆಗೆ ಮಗನಿಗೆ ಮಾತ್ರೆ ಕೊಡಬೇಕಾದುದರಿಂದ ಕೊನೆಯ ಹಾಡಿಗೆ ಮುಂಚೆಯೇ ಎದ್ದು ಹೋಗುತ್ತಾರೆ.